ಜೇನುಬಂಡೆಯ ಮೇಲೆ ಬೆನೆದಿಕ್ತ ಸ್ವಾಮಿಗಳು

ಪರಂಗಿ ದೊರೆಗಳ ಕಾಲದ ಆ ದಿನಗಳನ್ನು ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ. ಕಾಕನಕೋಟೆ ಕಾಡಿನ ಜೇನುಕುರುಬರ ಹಾಡಿಯಂಚಿನಲ್ಲಿ, ಬಿದಿರುತಟ್ಟಿಯ ಗುಡಿಸಲೊಂದರಲ್ಲಿ ಪಾದ್ರಿಗಳಾದ ಪೂಜ್ಯ ಬೆನೆದಿಕ್ತ ಸ್ವಾಮಿಗಳು ವಾಸವಾಗಿದ್ದರು. ಅದೇ ದೇವಾಲಯ, ಅದೇ ಔಷಧಾಲಯ, ಮಳೆ ಬಂದರೆ ಹಾಡಿಯ ಕೋಳಿಗಳಿಗೂ ಅದೇ ಆಸರೆ!

ಒಂದು ಬೆಳಿಗ್ಗೆ ಸ್ವಾಮಿಗಳು ಯಾರದೋ ಕಾಲಿನ ಹುಣ್ಣು ತೊಳೆಯುತ್ತಿದ್ದಾಗ ಹಾಡಿಯ ಜೇನು ಕೀಳುವ ಜಡಿಯ ಬಂದು ನಿಂತ. ಅವನಿಗೆ ಸ್ವಾಮಿಗಳೆಂದರೆ ಮೈಯೆಲ್ಲ ಉರಿ. ಉರಿಯದೆ ಇದ್ದೀತೇ? ಅವನ ಹೆಂಡತಿ ಕೆಂಪಿಯ ಒಬ್ಬನೇ ಅಣ್ಣ ಕೆಂಚ ಸ್ನಾನದೀಕ್ಷೆ ಪಡೆದು ಕ್ರೈಸ್ತನಾಗಿ, ಓದು ಕಲಿಯಲು ಮೈಸೂರಿಗೆ ಹೋದವನು ಅಲ್ಲೇ ಜ್ವರದಲ್ಲಿ ತೀರಿಕೊಂಡಿದ್ದ. ಕಳುಹಿಸಿದವರು ಸ್ವಾಮಿಗಳೇ.

ಬಂಡೆಯಿಂದ ಇಳಿದು ಜೇನು ಕೀಳುವವನ ಹಗ್ಗವನ್ನು ಹೆಂಡತಿಯ ಒಡಹುಟ್ಟಿದವನೇ ಮೇಲೆ ನಿಂತು ಹಿಡಿಯಬೇಕೆಂಬುದು ಜೇನುಕುರುಬರ ಕಟ್ಟಳೆ. ಸ್ವಂತ ತಂಗಿಯನ್ನು ಯಾರು ತಾನೇ ವಿಧವೆಯಾಗಲು ಬಿಟ್ಟಾರು?

"ನನ್ನ ಭಾವನ್ನ ನುಂಗಿಬಿಟ್ಟೆ," ಎಂದು ಜಡಿಯ ಗುಡುಗಿದ. "ಜೇನಿನ ಕಾಲ ಮುಗೀತಾ ಬಂತು. ಮಕ್ಕಳು ಕಾಡುಗೆಣಸು ಅಗೀತಾ ಕೂತವೆ. ನನ್ನ ಹಗ್ಗ ಯಾರು ಹಿಡೀತಾರೆ? ನಿನ್ನ ದೇವರು ಹಿಡೀತಾನಾ?"

ಸ್ವಾಮಿಗಳ ಕಣ್ಣು ತುಂಬಿತು. "ತಪ್ಪು ನನ್ನದು, ಜಡಿಯ," ಎಂದರು. "ಕೆಂಪಿ ಒಪ್ಪಿದರೆ ಇಂದಿನಿಂದ ಅವಳು ನನ್ನ ತಂಗಿ. ಹಗ್ಗ ನಾನು ಹಿಡಿಯುತ್ತೇನೆ."

ಜಡಿಯ ನಕ್ಕುಬಿಟ್ಟ. ಹಿಂದೆಯೇ ಬಂದಿದ್ದ ಕೆಂಪಿ ನಗಲಿಲ್ಲ. ಹಾಡಿಗೆ ಹೋಗಿ ಕೆಂಚನ ಬಳ್ಳಿಹಗ್ಗ ತಂದು ಸ್ವಾಮಿಗಳ ಕೈಗಿಟ್ಟಳು. ಹೆಂಡತಿ ಒಪ್ಪಿದ ಮೇಲೆ ಇನ್ನೇನು! ಅಳುಕುತ್ತಲೇ ಜಡಿಯ ಅಂದೇ ಬಂಡೆಯಿಂದ ಇಳಿದ.

ಬುಟ್ಟಿ ಅರ್ಧ ತುಂಬುವಷ್ಟರಲ್ಲಿ ಗಾಳಿ ತಿರುಗಿ, ಜೇನುಹುಳು ಓಡಿಸಲು ಹಾಕಿದ್ದ ಹೊಗೆ ಚದುರಿತು. ಹೆಜ್ಜೇನು ಗುಂಯ್ಯೆಂದು ಮೇಲೆದ್ದಿತು. ಜಡಿಯ ತಲೆಯೆತ್ತಿ ನೋಡಿದರೆ, ಅಯ್ಯೋ ದೇವರೇ, ಸ್ವಾಮಿಗಳ ಬಿಳಿಗಡ್ಡವೆಲ್ಲ ಹುಳುಗಳಿಂದ ಕಪ್ಪಾಗಿತ್ತು! ಹಗ್ಗ ಮಾತ್ರ ಗೇಣುದ್ದವೂ ಸಡಿಲಲಿಲ್ಲ.

"ಬಿಟ್ಟು ಓಡು ಭಾವಾ!" ಎಂದು ಜಡಿಯ ಕೂಗಿದ. "ನನ್ನ ಪಾಡು ನನಗಿರಲಿ!"

"ಕೆಂಪಿಗೆ ಇನ್ನೊಂದು ಸಾವಿನ ಸುದ್ದಿ ನಾನು ಹೇಳಲಾರೆ," ಎಂದರು ಸ್ವಾಮಿಗಳು. "ಹತ್ತಿ ಬಾ."

ಜಡಿಯ ಹತ್ತಿ ಬಂದು, ಅವರಿಗೆ ಕಂಬಳಿ ಹೊದಿಸಿ, ಬೆನ್ನ ಮೇಲೆ ಹೊತ್ತು ಹಾಡಿಗೆ ತಂದ. ಮುಖಕ್ಕೆ ನಾಟಿದ್ದ ಕೊಂಡಿಗಳನ್ನು ಒಂದೊಂದಾಗಿ ಉಗುರಿನಿಂದ ತೆಗೆದ. ಅವನು ಮುಂದೆ ಸ್ನಾನದೀಕ್ಷೆ ಪಡೆದನೇ ಎಂದು ಕೇಳುವವರುಂಟು. ನಮ್ಮ ಹಿರಿಯರು ಅದನ್ನು ಹೇಳಲಿಲ್ಲ, ನಾವೂ ಕೇಳಲಿಲ್ಲ. ಅವರು ಹೇಳುತ್ತಿದ್ದುದು ಇಷ್ಟೇ: ಆ ಸಂಜೆ ಸ್ವಾಮಿಗಳಿಗೆ ಕಣ್ಣು ತೆರೆಯಲಾಗುತ್ತಿರಲಿಲ್ಲ. ಜಡಿಯ ಹಸಿದ ಮಕ್ಕಳಿಗೂ ಕೊಡದೆ ಜೇನುತಟ್ಟಿನ ಮೊದಲ ತುಂಡನ್ನು ಅವರ ತುಟಿಗೆ ಹಿಂಡುತ್ತಾ, "ಬಾಯಿ ಬಿಡು ಭಾವಾ, ಒಂದು ಹನಿ," ಎಂದು ಬಿಕ್ಕಿಬಿಕ್ಕಿ ಅಳುತ್ತಿದ್ದನಂತೆ.