ವಸ್ತಾದ ಒರೆಸಿದ ಬೆನ್ನು

"ಗುರುಗಳೇ, ಎಲ್ಲರ ಕಣ್ಣೆದುರೇ ವಿಡಿಯೊ ಇದ್ದರೂ ತೀರ್ಪಿನಲ್ಲಿ ಪಕ್ಷಪಾತ ಏಕೆ ಉಳಿಯುತ್ತದೆ?" ಎಂದು ಕೊಟ್ರೇಶ ಕೇಳಿದ.

ಹಿಂದಿನ ದಿನ ಫುಟ್‌ಬಾಲ್ ಪಂದ್ಯದಲ್ಲಿ ಅವನ ತಂಡದ ಗೋಲು ರದ್ದಾಗಿತ್ತು. ವಿಡಿಯೊ ನೋಡಿ, ಚೆಂಡು ಕೈಗೆ ತಗುಲಿದೆ ಎಂದವನು ರೆಫರಿಯಾಗಿದ್ದ ಹಾಲೇಶ, ಕೊಟ್ರೇಶನ ಬಾಲ್ಯದ ಗೆಳೆಯ. ಇನ್ನು ಆ ಮೋಸಗಾರನ ಹೊಸಿಲು ತುಳಿಯುವುದಿಲ್ಲ ಎಂದು ಕೊಟ್ರೇಶ ಹಟ ಹಿಡಿದಿದ್ದ.

"ಕೂತುಕೋ ತಮ್ಮಾ" ಎಂದು ಗುರುಗಳು ಕತೆ ಹೇಳಿದರು.

ಒಂದೂರಿನಲ್ಲಿ ಕುಸ್ತಿ ಕಲಿಸುವ ವಸ್ತಾದನೊಬ್ಬನಿದ್ದ. ಶಿಷ್ಯನೆಂದರೆ ಅವನಿಗೆ ಪ್ರಾಣ. ಅಖಾಡದಲ್ಲಿ ಯಾರ ಬೆನ್ನು ನೆಲಕ್ಕೆ ಹತ್ತಿತೋ ಅವನು ಸೋತ ಹಾಗೆ. ಆದರೆ ಕುಸ್ತಿಗೆ ಮೊದಲು ಜಟ್ಟಿಗಳು ಒಬ್ಬರ ಮೈಗೊಬ್ಬರು ಕೆಮ್ಮಣ್ಣು ಎರಚುವುದು ಅಲ್ಲಿಯ ಪದ್ಧತಿ. ಹೀಗಾಗಿ ಬೆನ್ನ ಮೇಲಿನ ಮಣ್ಣು ಎರಚಿದ್ದೋ, ಬಿದ್ದಾಗ ಹತ್ತಿದ್ದೋ ಎಂಬ ತಕರಾರು ತಪ್ಪುತ್ತಿರಲಿಲ್ಲ.

ಒಮ್ಮೆ ಶಿಷ್ಯನೂ ಎದುರಾಳಿಯೂ ಒಟ್ಟಿಗೇ ಉರುಳಿದರು. ಶಿಷ್ಯ ಸೋತನೆಂದು ಪಂಚ ತೀರ್ಪು ಕೊಟ್ಟ. ವಸ್ತಾದ ರೇಗಿದ. "ನನ್ನ ಹುಡುಗನ ಬೆನ್ನಿನದು ಎರಚಿದ ಮಣ್ಣು! ನೀನು ಅವರ ಕಡೆಯವನು!" ಎಂದು ಕೂಗಾಡಿದ.

ಪಂಚ ಜಗಳಕ್ಕೆ ನಿಲ್ಲಲಿಲ್ಲ. ಒಂದು ಬಿಳಿ ಬಟ್ಟೆ ಕೊಟ್ಟು, "ನೀವೇ ಒರೆಸಿ ನೋಡಿ. ಎರಚಿದ್ದು ಉದುರುತ್ತದೆ, ಬಿದ್ದಾಗ ಹತ್ತಿದ್ದು ಮೆತ್ತಿಕೊಂಡೇ ಇರುತ್ತದೆ" ಎಂದ.

ವಸ್ತಾದ ಮೊದಲು ಎದುರಾಳಿಯ ಬೆನ್ನು ಒರೆಸಿದ. ಮಣ್ಣು ಹೋಗಲಿಲ್ಲ. ಆಮೇಲೆ ಶಿಷ್ಯನ ಬೆನ್ನು ಒರೆಸಿದ. ಬೆನ್ನು ಸ್ವಚ್ಛವಾಯಿತು. "ನೋಡಿದಿರಾ!" ಎಂದು ಬಟ್ಟೆಯನ್ನು ಎಲ್ಲರಿಗೂ ಎತ್ತಿ ತೋರಿಸಿದ. ಅವನ ಕಣ್ಣು ತುಂಬಿ ಬಂದಿತ್ತು. ಅವನ ಮನಸ್ಸಿನಲ್ಲಿ ಒಂದಿಷ್ಟೂ ಕಪಟವಿರಲಿಲ್ಲ.

ಆಗ ಶಿಷ್ಯ ಮೆಲ್ಲಗೆ, "ವಸ್ತಾದರೇ, ಬೆನ್ನು ಉರಿಯುತ್ತಿದೆ" ಎಂದ.

ವಸ್ತಾದ ತಿರುಗಿ ನೋಡಿದ. ಶಿಷ್ಯನ ಬೆನ್ನು ತರಚಿ ಕೆಂಪಾಗಿತ್ತು. ಎದುರಾಳಿಯ ಬೆನ್ನಿಗೆ ಬಟ್ಟೆ ಸೋಕಿದ ಗುರುತೂ ಇರಲಿಲ್ಲ.

ಕತೆ ಮುಗಿಯಿತು. ಕೊಟ್ರೇಶ ತಡೆಯಲಾರದೆ, "ಅವನು ಒಂದೊಂದು ಬೆನ್ನನ್ನು ಒಂದೊಂದು ಥರ ಒರೆಸಿದ, ಗುರುಗಳೇ. ನಾನು ಹಾಗಲ್ಲ. ನಿನ್ನೆಯ ಆ ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ, ಕಣ್ಣು ನೋಯುವವರೆಗೆ ನೋಡಿದ್ದೇನೆ!" ಎಂದ.

ಗುರುಗಳು ಕೇಳಿದರು: "ಹೋದ ವಾರ ಇದೇ ಹಾಲೇಶ ನಿಮ್ಮ ತಂಡಕ್ಕೆ ಕೊಟ್ಟ ಗೋಲಿನ ವಿಡಿಯೊವನ್ನು ಎಷ್ಟು ಸಲ ನೋಡಿದೆ?"

"ಒಂದು ಸಲವೂ ಇಲ್ಲ, ಗುರುಗಳೇ" ಎಂದು ಕೊಟ್ರೇಶ ಎದ್ದು ಹಾಲೇಶನ ಮನೆಯತ್ತ ಹೊರಟ.