ಹೊರಗಿನವನ ನೀಲಿ ಬಾನಿ

ಶಿಷ್ಯ ಕೇಳಿದ: "ಗುರುಗಳೇ, ನಮ್ಮ ಊರಿಗೆ ಪರದೇಶದ ಗಾಜು ಕೆಲಸಗಾರನೊಬ್ಬ ಬಂದಿದ್ದಾನೆ. ಅವನನ್ನು ಇರಿಸಿಕೊಳ್ಳಬೇಕೋ ಬೇಡವೋ ಎಂದು ನಾಳೆ ಪಂಚಾಯಿತಿ ಸೇರುತ್ತದೆ. ನಾನೂ ಮಾತಾಡಬೇಕು. ಕಸುಬು ಬಲ್ಲ ಹೊರಗಿನವನು ಬಂದರೆ ಒಳಗಿನವನ ಅನ್ನ ಹೋಗುವುದಿಲ್ಲವೇ?"

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಬಣ್ಣಗಾರರ ಕೇರಿ ಇತ್ತು. ಅವರು ನೂಲಿಗೆ ಹಾಕುತ್ತಿದ್ದ ನೀಲಿ ನಾಲ್ಕು ಒಗೆತಕ್ಕೆ ಮಾಸುತ್ತಿತ್ತು. ಒಬ್ಬ ವರ್ತಕ ಸಮುದ್ರದಾಚೆಯಿಂದ ಒಬ್ಬ ಬಣ್ಣಗಾರನನ್ನು ಕೆಲವು ವರ್ಷಗಳ ಕರಾರಿನ ಮೇಲೆ ಕರೆತಂದ. ಅವನು ಹಾಕಿದ ನೀಲಿ, ಬಟ್ಟೆ ಹರಿದರೂ ಮಾಸುತ್ತಿರಲಿಲ್ಲ.

ಕೇರಿಯ ಹಿರಿಯನ ಕೆಲವು ಗಿರಾಕಿಗಳು ಅವನ ಕಡೆ ಹೋದರು. ಹಿರಿಯ ಪಂಚಾಯಿತಿ ಸೇರಿಸಿದ. ತೀರ್ಮಾನವಾಯಿತು: ಅವನು ಊರಾಚೆ ಬಣ್ಣ ಅದ್ದುವ ಬಾನಿ ಇಟ್ಟುಕೊಳ್ಳಲಿ, ಕರಾರಿನ ಅವಧಿ ಮುಗಿದ ಮೇಲೆ ಹೋಗಲಿ. ನಮ್ಮವರು ಯಾರೂ ಅವನ ಕೈಕೆಳಗೆ ಕೆಲಸ ಕಲಿಯಲು ನಿಲ್ಲಬಾರದು.

ಹಿರಿಯನ ಮಗಳೂ ಬಣ್ಣ ಹಾಕುವವಳೇ. ಅವಳು ಕೇಳಿದಳು: "ಅಪ್ಪಾ, ಒಂದ್ಸಲ ಹೋಗಿ ನೋಡ್ಕೊಂಡು ಬರ್ಲಾ? ಬಾನಿಗೆ ಅದೇನು ಹಾಕ್ತಾನೋ."

"ಹೋಗು ತಾಯಿ, ಹೋಗು. ಹಾಗೇ ಅವನ ಮನೆ ಕಸಾನೂ ಗುಡಿಸಿ ಬಾ."

ಅವಳು ಹೋಗಲಿಲ್ಲ.

ನೀಲಿಯ ಹೆಸರು ದೂರ ಹಬ್ಬಿತು. ಕೇಳಿದವರಿಗೆಲ್ಲ ಸೀರೆ ಕೊಡಲಾಗದೆ ವರ್ತಕ ಹೊಸ ಮಗ್ಗಗಳನ್ನು ಹಾಕಿಸಿದ. ನೂಲುವವರಿಗೆ, ನೇಯುವವರಿಗೆ, ಗಾಡಿ ಹೊಡೆಯುವವರಿಗೆ ಕೆಲಸ ಸಿಕ್ಕಿತು. ಸೀರೆಯ ನೀಲಿ ಒಡಲಿಗೆ ಕೆಂಪು ಅಂಚು ಬೇಕಿತ್ತು. ಆ ಕೆಂಪು ಹಾಕುವ ಕೆಲಸ ಹಿರಿಯನ ಕೇರಿಗೇ ಬಂತು.

ಅವಧಿ ಮುಗಿಯಿತು. ಅವನು ಇರಲಿ ಎಂದು ವರ್ತಕ ಬೇಡಿಕೊಂಡ. ಹಿರಿಯ ಒಪ್ಪಲಿಲ್ಲ. "ಬಾನಿ ಇಲ್ಲೇ ಇರುತ್ತಲ್ಲ ಸ್ವಾಮಿ, ಇನ್ನೇನು ಬೇಕು ನಿಮಗೆ?" ಅಂದ. ಪರದೇಶಿ ನದಿಯಾಚೆಯ ಊರಿಗೆ ಹೋದ.

ನೀಲಿಯ ಬಾನಿ ಮೊಸರಿನ ಹೆಪ್ಪಿನಂತೆ ಜೀವ ಇರುವಂಥದು. ದಿನವೂ ಮೂಸಿ ನೋಡಬೇಕು. ಯಾವಾಗ ಬೆಲ್ಲ, ಯಾವಾಗ ಸುಣ್ಣ ಎಂದು ತಿಳಿದಿರಬೇಕು. ಹಿರಿಯನ ಮಗಳು ತನಗೆ ತೋಚಿದ್ದನ್ನು ಹಾಕಿದಳು. ಬಾನಿ ಕೊಳೆಯಿತು. ವರ್ತಕ ಮಗ್ಗಗಳನ್ನು ಬಿಚ್ಚಿಸಿ ನದಿಯಾಚೆಗೆ ಸಾಗಿಸಿದ. ಕೆಂಪು ಹಾಕಲು ಕೇರಿಗೆ ಬರುತ್ತಿದ್ದ ನೂಲೂ ಅವುಗಳ ಹಿಂದೆಯೇ ಹೋಯಿತು.

ಶಿಷ್ಯ ಕೇಳಿದ: "ಹಾಗಾದರೆ ಹಿರಿಯನ ಭಯ ಸುಳ್ಳೇ?"

ಗುರುಗಳು ಹೇಳಿದರು: "ಸುಳ್ಳಲ್ಲ. ಹೊರಗಿನವನು ಬಂದಾಗ ಅಪ್ಪನ ಕೆಲವು ಗಿರಾಕಿಗಳು ಹೋದರು, ಅವನನ್ನು ಕಳಿಸಿದಾಗ ಮಗಳ ಕಸುಬೇ ಹೋಯಿತು."