ದಲ್ಲಾಳಿ ಕೆರೆಯ ನಾಲ್ಕನೆಯ ದಿನ

೧೯೯೮ರ ಜನವರಿ ಹನ್ನೊಂದು, ಭಾನುವಾರ. ತೆಳುವಾದ ಮೋಡ, ಸಣ್ಣಗೆ ಮೂಡಣ ಗಾಳಿ. ಕಗ್ಗಲಹಟ್ಟಿಗೂ ಚಿಕ್ಕಬಾಳಿಗೂ ನಡುವಿನ ದಲ್ಲಾಳಿ ಕೆರೆ ಆ ವರ್ಷ ತುಂಬಿತ್ತು. ಏರಿಯ ಮೇಲೆ ಹುಣಸೆಮರಗಳು, ಕೆಳಗೆ ಎರಡೂ ಊರಿಗೆ ಕವಲೊಡೆಯುವ ಕಾಲುವೆ. ಕಟ್ಟಿಸಿದವರ ಹೆಸರು ಯಾರಿಗೂ ನೆನಪಿಲ್ಲ. ಕೆರೆಗೆ ಉಳಿದದ್ದು ಒಬ್ಬ ದನದ ದಲ್ಲಾಳಿಯ ಹೆಸರು. ಕಾರಣ ನನಗೆ ಹೇಳಿದವರು ತೂಬು ನೋಡಿಕೊಳ್ಳುವ ನೀರುಗಂಟಿ ಓಬಳಪ್ಪ.

ಹಿಂದೆ ಒಮ್ಮೆ ಕೆರೆ ಅರ್ಧಕ್ಕೇ ನಿಂತಿತಂತೆ. ಮೇಲಿನ ಕಗ್ಗಲಹಟ್ಟಿಯವರು ಕಾಲುವೆಗೆ ಅಡ್ಡ ಕಟ್ಟಿದರು. ಚಿಕ್ಕಬಾಳಿನ ಭತ್ತ ಹಾಲುಗಟ್ಟುವ ಹೊತ್ತು. ಇನ್ನೊಂದು ವಾರ ನೀರಿಲ್ಲದಿದ್ದರೆ ಎಲ್ಲವೂ ಜೊಳ್ಳು. ಏರಿಯ ಮೇಲೆ ಹೊಡೆದಾಟವಾಯಿತು. ಎಂಟು ದಿನಕ್ಕೆ ಯಾರಿಗೆಷ್ಟು ದಿನ ನೀರು ಎಂದು ಕೂತರೆ, ಊರೆದುರು ಆಡಿದ ಮಾತಿನಿಂದ ಇಳಿಯಲು ಇಬ್ಬರು ಗೌಡರಿಗೂ ಮರ್ಯಾದೆ ಅಡ್ಡ ಬಂತು. ಆಗ ಕಗ್ಗಲಹಟ್ಟಿಯ ದಲ್ಲಾಳಿ ಬಯ್ಯಣ್ಣ ಹೆಗಲ ಮೇಲಿನ ವಲ್ಲಿ ತೆಗೆದ. "ಎತ್ತಿನ ವ್ಯಾಪಾರದ ಹಾಗೆ ಮಾಡೋಣ. ಬಾಯಿ ಬೇಡ, ಬಟ್ಟೆಯೊಳಗೆ ಬೆರಳು ಸಾಕು." "ಹಲ್ಲೂ ನೋಡ್ತೀಯೇನೋ?" ಎಂದು ಹಂಗಿಸಿದ ಚಿಕ್ಕಬಾಳಿನ ಗೌಡ. "ಅದನ್ನ ನಿನ್ನೆ ಏರಿ ಮೇಲೆ ಉದುರಿಸಿಕೊಂಡ್ರಲ್ಲ, ಗೌಡ್ರೇ!"

ವಲ್ಲಿಯ ಮರೆಯಲ್ಲಿ ಕಗ್ಗಲಹಟ್ಟಿಯ ಗೌಡ ಬಯ್ಯಣ್ಣನ ಕೈಯಲ್ಲಿ ಮೂರು ಬೆರಳು ಒತ್ತಿದ, ಚಿಕ್ಕಬಾಳಿಗೆ ಮೂರು ದಿನ ಎಂದು. ಚಿಕ್ಕಬಾಳಿನವನು ನಾಲ್ಕಕ್ಕಿಂತ ಇಳಿಯಲಿಲ್ಲ. ಬಯ್ಯಣ್ಣ ಇಬ್ಬರ ನಡುವೆ ಬಹಳ ಹೊತ್ತು ಓಡಾಡಿ, ಕೊನೆಗೆ ವಲ್ಲಿ ಕೊಡವಿ, "ಕುದುರಿತು" ಎಂದ. ಇಬ್ಬರೂ ತಮ್ಮ ಮಾತೇ ನಡೆಯಿತೆಂದುಕೊಂಡರು.

ಮೂರು ದಿನ ಚಿಕ್ಕಬಾಳಿಗೆ ನೀರು ಹರಿಯಿತು. ನಾಲ್ಕನೆಯ ಬೆಳಿಗ್ಗೆಯೂ ಹರಿಯುತ್ತಿದ್ದುದನ್ನು ಕಂಡು ಕಗ್ಗಲಹಟ್ಟಿಯ ಗೌಡ ಗುದ್ದಲಿ ಹಿಡಿದು ಬಂದ. "ನಾನು ಕೊಟ್ಟದ್ದು ಮೂರು ಕಣೋ, ಕಳ್ಳ!" ಎಂದು ಕಾಲುವೆಯ ಬಳಿ ನಿಂತಿದ್ದ ಬಯ್ಯಣ್ಣನ ಮೇಲೆ ಕೂಗಿದ.

"ನಿಮ್ಮದು ಮೂರೇ, ಗೌಡ್ರೇ. ಇವತ್ತಿಂದು ನನ್ನ ಗದ್ದೆ ಸರದಿ."

ಮೇಲಿನವರಿಗೆ ಉಳಿದ ಐದು ದಿನಗಳಲ್ಲಿ ಒಂದು ಬಯ್ಯಣ್ಣನ ಗದ್ದೆಗೆ ಸಲ್ಲುವಂಥದು. ಗೌಡ ತಿರುಗಿ ನೋಡಿದ. ಗದ್ದೆಗೆ ನೀರು ತಿರುಗುವ ಮಡೆಗೆ ಬಯ್ಯಣ್ಣ ಚಪ್ಪಡಿ ಮುಚ್ಚಿ, ತನ್ನ ದಿನದ ನೀರನ್ನು ಚಿಕ್ಕಬಾಳಿಗೆ ಬಿಟ್ಟಿದ್ದ. ಆತನ ಪೈರು ಅದಾಗಲೇ ಬಾಡುತ್ತಿತ್ತು. ಗೌಡನ ಕೈಯ ಗುದ್ದಲಿ ಕೆಳಗಿಳಿಯಿತು.

ಆ ವರ್ಷ ಚಿಕ್ಕಬಾಳಿನ ಭತ್ತ ಕೈಗೆ ಬಂತು. ನಾಲ್ಕು ದಿನದ ಸರದಿ ಅಂದಿನಿಂದ ತಪ್ಪಿಲ್ಲ ಎನ್ನುತ್ತಾರೆ. ಬಂದವರು ಆ ಚಪ್ಪಡಿಯನ್ನು ಇಂದಿಗೂ ನೋಡಬಹುದು. ಅಂಚು ಸವೆದಿದೆ, ಯಾರೂ ಕಿತ್ತಿಲ್ಲ. ಆದರೆ ನಾನು ಹೋದ ದಿನ ಅದರಾಚೆಯ ಗದ್ದೆಯಲ್ಲಿ ಭತ್ತ ಹಸಿರಾಗಿ ನಿಂತಿತ್ತು.

"ಬಯ್ಯಣ್ಣನಿಗೆ ಊರಿನವರು ಏನು ಕೊಟ್ಟರು?" ಎಂದು ಕೇಳಿದೆ.

"ದಿನಾ ಮನೆಗೊಂದು ಕೊಡ ನೀರು, ಸ್ವಾಮಿ," ಎಂದರು ಓಬಳಪ್ಪ. "ಎರಡೂ ಊರಿನೋರು, ಕೊಯ್ಲಿನ ತನಕ. ಆ ಗದ್ದೆಗೆ ಇವತ್ತಿಗೂ ಹಾಗೇ. ಮೊದಲನೇ ಕೊಡ ತಲೆ ಮೇಲೆ ಹೊತ್ತು ತಂದೋನು ಗುದ್ದಲಿ ಹಿಡಿದು ಬಂದಿದ್ನಲ್ಲ, ಆ ಗೌಡ."